ಪೂರ್ತಿ ಹೆಸರಿನ ಹಾಜರಿ

ಯಾರಾದರೂ ನನಗೆ ಕೆಟ್ಟದ್ದು ಮಾಡಿದರೆ ನಾನು ಮರೆತರೂ ಮರೆತೇನು. ನನ್ನವರಿಗೆ ಮಾಡಿದರೆ ಮರೆಯುವುದಿಲ್ಲ. ಇದನ್ನು ದೊಡ್ಡ ಗುಣ ಅಂತ ಹೇಳಿಕೊಳ್ಳುತ್ತಿಲ್ಲ. ಚಿಂಚೋಳಿಯ ತವರುಮನೆಯಿಂದ ನನ್ನ ತಾಯಿ ಇವತ್ತಿಗೂ ಫೋನಿನಲ್ಲಿ ಬೈಯುತ್ತಾಳೆ, "ನಿನ್ನ ಸಿಟ್ಟಿಗಿ ಬೆಂಕಿ ಹತ್ತಲಿ, ಒಂದಿನ ಅದು ನಿನ್ನೇ ಸುಡ್ತದ ನೋಡು." ಸುಡಲಿ. ಅದಕ್ಕೂ ಮೊದಲು ಅದು ಇನ್ನೊಬ್ಬರನ್ನು ಸುಟ್ಟಿದ್ದನ್ನು ನಾನು ಕಣ್ತುಂಬ ನೋಡಿದ್ದೇನೆ. ಆ ಸುಖ ನನಗೆ ಸಾಕು.

ಆ ಇನ್ನೊಬ್ಬರು ನಮ್ಮ ಆನ್‌ಲೈನ್ ಕೋರ್ಸಿನ ಮಾಸ್ತರರು. ಅವರ ಹೆಸರು ಬರೆಯುವುದಿಲ್ಲ. ಇಲ್ಲಿ ಯಾರ ಹೆಸರೂ ಬರುವುದಿಲ್ಲ, ಆದರೆ ಇಡೀ ಜಗಳ ಹೆಸರಿನದ್ದೇ.

ನಾನು ಮದುವೆಯಾಗಿ ಬಂದದ್ದು ಮಳಖೇಡಕ್ಕೆ. ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಾವ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಅವರಿಗೆ ಇಬ್ಬರು ಗಂಡುಮಕ್ಕಳು, ನಾವು ಇಬ್ಬರು ಸೊಸೆಯಂದಿರು. ನನ್ನ ಗಂಡ ಕಿರಿಯವನು. ಅವನ ಅಣ್ಣ, ಅಂದರೆ ನನ್ನ ಭಾವ, ವಾಡಿಯಿಂದ ಸಿಮೆಂಟ್ ತುಂಬಿಕೊಂಡು ಊರೂರು ತಿರುಗುವ ದೊಡ್ಡ ಗಾಡಿ ನಡೆಸುತ್ತಾರೆ. ಭಾವನ ಹೆಂಡತಿ ನನ್ನ ನೆಗೆಣ್ಣಿ. ನಾನು ಅವಳನ್ನು ಅಕ್ಕ ಅಂತ ಕರೆಯುತ್ತೇನೆ, ಅವಳು ನನ್ನನ್ನು ತನ್ನ ಒಡಹುಟ್ಟಿದ ತಂಗಿಗಿಂತ ಹೆಚ್ಚು ಬೈಯುತ್ತಾಳೆ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕುಳಿತು ಜುಟ್ಟು ಹಿಡಿದು ಬಡಿದಾಡದ ನೆಗೆಣ್ಣಿಯರು ನಮ್ಮ ಓಣಿಯಲ್ಲಿ ನಾವಿಬ್ಬರೇ.

ಇಬ್ಬರೂ ಸೇಡಂನ ಒಂದು ಖಾಸಗಿ ಸಾಲಿಗೆ ಹೋಗುತ್ತಿದ್ದೆವು. ನಾನು ಒಂದನೇ ಇಯತ್ತೆಗೆ ಕಲಿಸುತ್ತಿದ್ದೆ. ಅಕ್ಕ ನರ್ಸರಿಯಲ್ಲಿ ಆಯಾ. ಮಕ್ಕಳ ಮೂಗು ಒರೆಸುವುದು, ಡಬ್ಬಿ ತೆರೆದು ಉಣಿಸುವುದು, ಅಳುವವರನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡುವುದು ಅವಳ ಕೆಲಸ. ಅವಳ ಸಣ್ಣ ಮಗಳೂ ಅದೇ ಸಾಲಿಯಲ್ಲಿ ಓದುತ್ತಿದ್ದಳು. ಆ ಹುಡುಗಿ ಮನೆಯಲ್ಲಿ ಅವ್ವ ಅಂತ ಕರೆಯುತ್ತಿದ್ದಳು, ಸಾಲಿಯ ಗೇಟು ದಾಟಿದೊಡನೆ ತನ್ನ ಅವ್ವನನ್ನೇ "ಆಯಾ" ಅನ್ನುತ್ತಿದ್ದಳು. ಎಲ್ಲ ಮಕ್ಕಳೂ ಹಾಗೆ ಕರೆಯುವಾಗ ಆ ಕೂಸು ಮತ್ತೇನು ಮಾಡಬೇಕು? ಅಕ್ಕ ನಗುತ್ತಲೇ ಓಗೊಡುತ್ತಿದ್ದಳು. ನಾನು ಮಾತ್ರ ಆ ಕಡೆ ನೋಡದೆ ನನ್ನ ತರಗತಿಗೆ ಹೋಗಿಬಿಡುತ್ತಿದ್ದೆ.

ಸಾಲಿಯ ಮಾಲೀಕರು ಒಂದು ದಿನ ನಮ್ಮಿಬ್ಬರನ್ನೂ ಕರೆದು, "ಸಣ್ಣ ಮಕ್ಕಳಿಗಿ ಕಲಸೋ ಕೋರ್ಸ್ ಆನ್‌ಲೈನ್‌ದಾಗ ನಡೀಲಿಕತ್ತದ. ಒಂದು ವರ್ಷದ್ದು. ಸರ್ಟಿಫಿಕೇಟ್ ತಗೊಂಡು ಬರ್ರಿ" ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಪಾಸಾದ್ರ ಜೂನ್‌ದಿಂದ ನರ್ಸರಿಗಿ ನೀವೇ ಟೀಚರ್" ಅಂದರು. ಅಕ್ಕ ಅವತ್ತು ಸೇಡಂ ಬಸ್‌ಸ್ಟ್ಯಾಂಡಿನ ತನಕ ನನಗಿಂತ ಮುಂದೆ ಮುಂದೆ ನಡೆದಳು. ಬಸ್ಸು ಹತ್ತಿ ಕುಳಿತ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಟೀಚರ್ ಅಂತ ಕರೀತಾಳೇನ ಆಕಿ?" ಅಂತ ಕೇಳಿದಳು. ಆಕೆ ಅಂದರೆ ಮಗಳು.

ಮೊದಲ ದಿನವೇ ಮಾಸ್ತರರು ಹಾಜರಿಯ ನಿಯಮ ಓದಿದರು. ಪಾಠವನ್ನು ಕೂಡ ಅವರು ಅಷ್ಟು ಪ್ರೀತಿಯಿಂದ ಓದಿದ್ದನ್ನು ನಾನು ಆಮೇಲೆ ಕೇಳಲಿಲ್ಲ. ಕ್ಯಾಮೆರಾ ಚಾಲೂ ಇರಬೇಕು. ಮುಖ ಕಾಣಬೇಕು. ತರಗತಿಯ ಕೊನೆಗೆ ಅವರು ಒಬ್ಬೊಬ್ಬರ ನಂಬರ್ ಕರೆಯುತ್ತಾರೆ. ಅರ್ಧ ನಿಮಿಷದೊಳಗೆ ಮೈಕ್ ತೆರೆದು, ಆಧಾರ್ ಕಾರ್ಡಿನಲ್ಲಿ ಇದ್ದಂತೆ ಪೂರ್ತಿ ಹೆಸರು ಹೇಳಲು ಶುರು ಮಾಡಬೇಕು. ಒಬ್ಬರು ಹೇಳುತ್ತಿರುವಾಗ ಯಾರೂ ನಡುವೆ ಬಾಯಿ ಹಾಕಬಾರದು. ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದರೆ ಇಬ್ಬರಿಗೂ ಗೈರು. ಹಾಜರಿ ಪೂರ್ತಿ ಮುಗಿಯದ ತರಗತಿ ನಡೆದಂತೆ ಲೆಕ್ಕವಿಲ್ಲ. ಮುಕ್ಕಾಲು ಭಾಗ ಹಾಜರಿ ಇಲ್ಲದವರು ಪರೀಕ್ಷೆಗೆ ಕೂಡುವಂತಿಲ್ಲ.

ನಿಯಮ ಬೇಡ ಅಂತ ನಾನೂ ಹೇಳುವುದಿಲ್ಲ. ನಮ್ಮ ಹೆಂಗಸರೂ ಏನು ಕಮ್ಮಿ ಇರಲಿಲ್ಲ. ಶಹಾಬಾದದ ಒಬ್ಬಾಕೆ ಫೋನನ್ನು ಅಂಗಾತ ಇಟ್ಟು ರೊಟ್ಟಿ ಬಡಿಯಲು ಹೋಗಿಬಿಡುತ್ತಿದ್ದಳು; ನಮಗೆಲ್ಲ ಅವಳ ಮನೆಯ ಫ್ಯಾನು ತಿರುಗುವುದು ಕಾಣುತ್ತಿತ್ತು. ಚಿಮ್ಮನಚೋಡದ ಇನ್ನೊಬ್ಬಾಕೆ ಕುಳಿತಲ್ಲೇ ತೂಕಡಿಸಿ ಗೊರಕೆ ಹೊಡೆದದ್ದು ಮೈಕಿನಲ್ಲಿ ಕೇಳಿಸಿತ್ತು. ಮಾಸ್ತರರಿಗೆ ಸಿಟ್ಟು ಬಂದದ್ದು ತಪ್ಪಲ್ಲ. ಆದರೆ ಪೂರ್ತಿ ಹೆಸರು ಅನ್ನುವ ಆ ಒಂದು ಮಾತು ನಮ್ಮ ಅಕ್ಕನ ಕುತ್ತಿಗೆಗೆ ಬಂತು.

ನಮ್ಮ ಕಡೆ ಕಾಗದಪತ್ರದಲ್ಲಿ ಮದುವೆಯಾದ ಹೆಣ್ಣಿನ ಹೆಸರು ಹೀಗಿರುತ್ತದೆ: ಮೊದಲು ಅವಳ ಹೆಸರು, ಆಮೇಲೆ "ಗಂಡ" ಅನ್ನುವ ಶಬ್ದ, ಆಮೇಲೆ ಅವನ ಹೆಸರು, ಕೊನೆಗೆ ಅಡ್ಡಹೆಸರು. ಬರೆಯುವುದಕ್ಕೆ ಯಾರಿಗೂ ತಕರಾರಿಲ್ಲ. ಬಾಯಿಬಿಟ್ಟು ಹೇಳಬೇಕೆಂದರೆ ಮಾತ್ರ, ಹಳೆ ಪದ್ಧತಿಯ ಹೆಂಗಸರು ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಅನ್ನುವ ಭಯ. ನಾನು ಇದನ್ನೆಲ್ಲ ಮದುವೆಯಾದ ವಾರವೇ ಬಿಟ್ಟವಳು. ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ, ಅದಕ್ಕಾಗಿ ಓಣಿಯಲ್ಲಿ ನನ್ನ ಹೆಸರು ಕೆಟ್ಟಿದೆ. ಅಕ್ಕ ಹಾಗಲ್ಲ. ದವಾಖಾನೆಯಲ್ಲಿ ಕೇಳಿದರೂ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿಯುತ್ತಾಳೆ.

ಅದರ ಮೇಲೆ, ದಪ್ಪ ಕಲ್ಲಿನ ಗೋಡೆಯ ನಮ್ಮ ಮನೆಯಲ್ಲಿ ಫೋನಿಗೆ ನೆಟ್ ಸಿಗುವುದು ಪಡಸಾಲೆಯಲ್ಲಿ ಮಾತ್ರ. ಪಡಸಾಲೆಯಲ್ಲಿ ಮಾವನ ಹೊರಸು ಇದೆ. ಸಂಜೆ ತರಗತಿಯ ಹೊತ್ತಿಗೆ ಅವರು ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿರುತ್ತಾರೆ.

ಮೊದಲ ಸಲ ನಂಬರ್ ಕರೆದಾಗ ಅಕ್ಕ ತನ್ನ ಹೆಸರು ಹೇಳಿದಳು, ಸೀದಾ ಅಡ್ಡಹೆಸರಿಗೆ ಹಾರಿದಳು. ಮಾಸ್ತರರು ಬಿಡಲಿಲ್ಲ.

"ನಡುವಿನದು ಎಲ್ಲಿ ಹೋಯಿತು? ಪೂರ್ಣ ಹೆಸರನ್ನು ಸ್ಪಷ್ಟವಾಗಿ ಹೇಳತಕ್ಕದ್ದು."

"ಅದೇ ರೀ ಸರ್... ನಮ್ಮ ಮನಿಯವ್ರದು ರೀ."

"ಮನೆಯವರದು ಅಂದರೆ? ಅವರಿಗೆ ಹೆಸರಿಲ್ಲವೇ?"

ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೊರಸಿನ ಕಡೆ ನೋಡಿದಳು. ಮಾವ ಚಹಾದ ಬಶಿ ಕೆಳಗಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ. ನನ್ನ ಮೈಕ್ ತೆರೆದು, "ನಾ ಹೇಳ್ತೀನ್ರಿ ಸರ್" ಅಂತ ಭಾವನ ಹೆಸರನ್ನು ಖಡಕ್ಕಾಗಿ ಹೇಳಿಬಿಟ್ಟೆ. ಸಣ್ಣ ಸೊಸೆ ಮಾವನ ಎದುರಿಗೆ ಭಾವನ ಹೆಸರು ಹಿಡಿದದ್ದು ಅದೇ ಮೊದಲು. ಮಾವ ಕೆಮ್ಮಿದರು. ಮಾಸ್ತರರು ನಕ್ಕು, "ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದ್ದರಿಂದ ಇಬ್ಬರಿಗೂ ಗೈರು" ಅಂದರು. ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಅವರು ಮುಂದುವರಿದು ಹೇಳಿದರು: "ಗಂಡನ ಹೆಸರು ಹೇಳಲು ಬಾಯಿ ಬಾರದವರು ಮಕ್ಕಳ ಬಾಯಿ ಏನು ತೆರೆಸುತ್ತೀರಿ? ಇಂಥವರು ಆಯಾ ಕೆಲಸಕ್ಕೇ ಸರಿ."

ಅಕ್ಕ ಆಯಾ ಅಂತ ಅವರಿಗೆ ಗೊತ್ತಿತ್ತು. ಮೊದಲ ದಿನದ ಪರಿಚಯದಲ್ಲಿ ಅವಳೇ ಹೇಳಿಕೊಂಡಿದ್ದಳು.

ಅವರು ಬೆಂಗಳೂರು, ಮೈಸೂರಿನವರಾಗಿದ್ದರೆ ನಮ್ಮ ರೀತಿ ಗೊತ್ತಿಲ್ಲ ಅಂತ ಸುಮ್ಮನಾಗಬಹುದಿತ್ತು. ಹಾಗಲ್ಲ. ಅವರು ಕಲಬುರಗಿ ಕಡೆಯವರೇ. ಪುಸ್ತಕದ ಕನ್ನಡ ಮಾತಾಡುತ್ತಾ ಮಾತಾಡುತ್ತಾ ನಡುವೆ ಒಮ್ಮೊಮ್ಮೆ "ಭಾಳ" ಅಂತ ಜಾರಿ, ಕೂಡಲೇ "ಬಹಳ" ಅಂತ ತಿದ್ದಿಕೊಳ್ಳುತ್ತಿದ್ದರು. ಎಲ್ಲ ಗೊತ್ತಿದ್ದೂ ಚುಚ್ಚಿದವರು. ಅವತ್ತು ಅಕ್ಕ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದ ಸಪ್ಪಳ ಪಡಸಾಲೆಯ ತನಕ ಕೇಳುತ್ತಿತ್ತು. ನಾನು ಹೋಗಿ ನೋಡಿದರೆ ಹಿಟ್ಟಿನ ಮೇಲೆ ಕಣ್ಣೀರು ಬೀಳುತ್ತಿತ್ತು, ಅವಳು ಅದನ್ನೂ ಸೇರಿಸಿ ಬಡಿಯುತ್ತಿದ್ದಳು. ಆ ಮನುಷ್ಯನಿಗೆ ಒಂದು ಗತಿ ಕಾಣಿಸದೆ ಬಿಡುವುದಿಲ್ಲ ಅಂತ ನಾನು ಆಗಲೇ ಒಲೆಯ ಮುಂದೆ ಹೇಳಿದೆ. ಅಕ್ಕ, "ಸುಮ್ಮ ಕೂಡು, ನಿನ್ನಿಂದೇ ನಂದು ಇನ್ನಷ್ಟು ಕೆಟ್ಟದ" ಅಂತ ನನ್ನನ್ನೇ ಬೈದಳು.

ಮರುದಿನ ನಾನು ಮಾಸ್ತರರಿಗೆ ಫೋನ್ ಮಾಡಿದೆ. ನಂಬರ್ ಹೇಳಿದರೆ ಸಾಲದೇ, ಮುಖ ಕಾಣುತ್ತದಲ್ಲ ಅಂತ ಮೆತ್ತಗೆ ಕೇಳಿದೆ. ಮೆತ್ತಗೆ ಮಾತಾಡುವುದು ನನಗೆ ಎಷ್ಟು ಕಷ್ಟವೋ ನನ್ನ ಮನೆಯವರಿಗೆ ಗೊತ್ತು. ಅವರು, "ಮೇಲಿನವರ ನಿಯಮ. ನನ್ನ ಕೈಯಲ್ಲಿ ಏನೂ ಇಲ್ಲ" ಅಂತ ಫೋನ್ ಇಟ್ಟರು.

ಮಾವ ಮಾತ್ರ ಯಾರೂ ಹೇಳದೆ ಒಂದು ಕೆಲಸ ಶುರು ಮಾಡಿದರು. ತರಗತಿಯ ಕೊನೆಗೆ ಹಾಜರಿ ಕರೆಯುವ ಹೊತ್ತಾದರೆ ಸಾಕು, ಕೋಲು ಹಿಡಿದು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಸೊಸೆ ಬಾಯಿ ಬಿಡಲಿ ಅಂತ. ಆದರೂ ಅಕ್ಕನ ಬಾಯಿಂದ ಹೆಸರು ಹೊರಡಲಿಲ್ಲ. ಒಂದು ಮಧ್ಯಾಹ್ನ ಖಾಲಿ ಮನೆಯಲ್ಲಿ ಅವಳನ್ನು ಎದುರಿಗೆ ಕೂಡಿಸಿಕೊಂಡು, "ಈಗ ಯಾರೂ ಇಲ್ಲ, ಒಮ್ಮೆ ಅಂದುಬಿಡು, ಏನೂ ಆಗಂಗಿಲ್ಲ" ಅಂದೆ. ಅವಳು ತುಟಿ ತೆರೆದಳು, ಮುಚ್ಚಿದಳು.

"ಅವ್ರು ಗಾಡಿ ಮ್ಯಾಲ ಅದಾರವ್ವ. ನಾ ಹೆಸರ ತಗೊಂಡ ಹೊತ್ತಿನ್ಯಾಗೇ ರೋಡಿನ ಮ್ಯಾಲ ಏನಾರ ಆತಂದ್ರ? ಆಗಂಗಿಲ್ಲ ಅಂತ ನೀ ಬರಕೊಡ್ತಿಯೇನು?"

ನಾನು ಬಿ.ಎ. ಓದಿದವಳು. ಆದರೂ ಹಾಗೆ ಬರೆದುಕೊಡಲು ನನಗೆ ಕೈ ಬರಲಿಲ್ಲ. ಭಾವ ಎರಡೆರಡು ದಿನ ಮನೆಗೆ ಬರದೆ ರಸ್ತೆಯ ಮೇಲೆ ಇರುವವರು. ಅವಳ ಜಾಗದಲ್ಲಿದ್ದರೆ ನನ್ನ ಧೈರ್ಯವೂ ಎಷ್ಟಿರುತ್ತಿತ್ತೋ.

ಹೀಗೆ ತರಗತಿ ನಡೆದಂತೆಲ್ಲ ಅಕ್ಕನ ಗೈರು ಬೆಳೆಯುತ್ತಾ ಹೋಯಿತು. ಅವಳು ಪ್ರತಿ ದಿನ ಮೊದಲಿಂದ ಕೊನೆಯವರೆಗೆ ಕೂಡುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು, ಮುಖ ಕಾಣುವಂತೆ ಕ್ಯಾಮೆರಾದ ಮುಂದೆ ನೆಟ್ಟಗೆ ಇರುತ್ತಿದ್ದಳು. ಮಾಸ್ತರರು ಅವಳ ಮುಖ ನೋಡಿಯೇ ಗೈರು ಹಾಕುತ್ತಿದ್ದರು. ಕೊನೆಗೆ ಒಂದು ದಿನ ಎಲ್ಲರೆದುರು ಹೇಳಿದರು, ಇನ್ನೊಂದು ಗೈರಾದರೆ ಇವರ ಪರೀಕ್ಷೆ ಇಲ್ಲ ಅಂತ. ಅಕ್ಕ ಪುಸ್ತಕ ಮಡಚಿ ಅಟ್ಟಕ್ಕೆ ಹಾಕಿದಳು. "ಆಯಾ ಆಗೇ ಇರ್ತೀನಿ ಬಿಡು, ಅದ್ರಾಗೇನು ಸಣ್ಣತನ" ಅಂದಳು. ಆ ಮಾತು ಅವಳ ಮನಸ್ಸಿನದಲ್ಲ ಅಂತ ನನಗೆ ಗೊತ್ತಿತ್ತು.

ಆ ವಾರವೇ ವಾಡಿಯಲ್ಲಿ ಅಕ್ಕನ ತಂಗಿಯ ಕುಬಸ ಇತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಮಾಡುವ ಕಾರ್ಯ. ನಾವಿಬ್ಬರೂ ಹೋಗಿದ್ದೆವು. ಆರತಿ ಮುಗಿಸಿ ಒಳಗೆ ಹೋಗಬೇಕು, ಬಾಗಿಲಲ್ಲಿ ಹೆಂಗಸರು ಅಡ್ಡ ನಿಂತುಬಿಟ್ಟರು. "ಹೆಸರ ಹೇಳ್ರಿ, ಇಲ್ಲಂದ್ರ ಒಳಗ ಬಿಡಂಗಿಲ್ಲ" ಅಂತ ಒಂದೇ ಗದ್ದಲ. ಬಸುರಿ ನಾಚಿಕೊಂಡಳು. ಅವಳ ಸಲುವಾಗಿ ಅಕ್ಕ ಮುಂದೆ ಬಂದಳು, ಸೊಂಟದ ಮೇಲೆ ಕೈ ಇಟ್ಟಳು, ಪ್ರಾಸ ಕಟ್ಟಿದ ನಾಲ್ಕು ಸಾಲಿನ ಒಡಪು ಹಾಕಿ ಕೊನೆಯ ಸಾಲಿನಲ್ಲಿ ತನ್ನ ಗಂಡನ ಹೆಸರನ್ನು ಟಣ್ಣನೆ ಹೇಳಿಬಿಟ್ಟಳು. ಹೊರಗೆ ಗಂಡಸರು ಕುಳಿತಿದ್ದರು, ಹಿರಿಯರು ಇದ್ದರು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ನಕ್ಕರು.

ನಾನು ಅವಳ ರಟ್ಟೆ ಹಿಡಿದು ಮೂಲೆಗೆ ಎಳೆದೆ. "ಈಗ ಹ್ಯಾಂಗ ಹೇಳಿದಿ?"

"ಒಡಪಿನ್ಯಾಗ ಹೇಳಿದ್ರ ಅದು ಹೆಸರ ಹಿಡದಂಗ ಅಲ್ಲ ಹುಚ್ಚಿ. ಒಡಪು ಅಂದ್ರ ಶುಭ. ಅದರಿಂದ ಆಯುಷ್ಯ ಹೆಚ್ಚಾಗ್ತದ."

ನಾನು ಅಲ್ಲೇ ಗೋಡೆಗೆ ಒರಗಿ ನಕ್ಕೆ. ಅಲ್ಲ, ಇಷ್ಟು ದಿನ ನಾನು ಎಂಥ ಕತ್ತೆ! ಮಾಸ್ತರರ ನಿಯಮ ನನಗೆ ಬಾಯಿಪಾಠವಾಗಿತ್ತು. ಅರ್ಧ ನಿಮಿಷದೊಳಗೆ ಶುರು ಮಾಡಬೇಕು ಅಂತ ಇತ್ತೇ ಹೊರತು ಮುಗಿಸಬೇಕು ಅಂತ ಇರಲಿಲ್ಲ. ಹೇಳುವವರ ನಡುವೆ ಬಾಯಿ ಹಾಕಬಾರದು ಅಂತ ಅವರೇ ಬರೆದಿದ್ದರು. ಹಾಜರಿ ಮುಗಿಯದಿದ್ದರೆ ತರಗತಿಯೇ ಲೆಕ್ಕಕ್ಕಿಲ್ಲ. ಅಕ್ಕ ಒಬ್ಬಳೇ ಒಡಪು ಹೇಳಿದರೆ ಅವಳ ಒಂದು ಹಾಜರಿ ಉಳಿಯುತ್ತಿತ್ತು ಅಷ್ಟೆ. ನನಗೆ ಅಷ್ಟು ಸಾಕಾಗಲಿಲ್ಲ. ಅವರ ನೀರಿಳಿಸಬೇಕಿತ್ತು, ಅದೂ ದೊಡ್ಡವರ ಎದುರಿಗೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಕಡೆಯ ಹೆಂಗಸರು ನಮ್ಮ ಕೋರ್ಸಿನಲ್ಲಿದ್ದರು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆಗ ಗೊತ್ತಾಯಿತು, ಅಕ್ಕ ಒಬ್ಬಳೇ ಅಲ್ಲ. ಚಿಮ್ಮನಚೋಡದಾಕೆ ತನ್ನ ನಂಬರ್ ಬಂದಾಗಲೆಲ್ಲ ಬೇಕಂತಲೇ ನೆಟ್ ಬಂದ್ ಮಾಡಿಕೊಳ್ಳುತ್ತಿದ್ದಳಂತೆ. ಚಿತ್ತಾಪುರದಾಕೆ ಗಂಡನ ಹೆಸರಿನ ಜಾಗದಲ್ಲಿ ದೇವರ ಹೆಸರು ಗೊಣಗಿ ಪಾರಾಗುತ್ತಿದ್ದಳಂತೆ. ಹೆಸರು ಹೇಳಲು ಅಡ್ಡಿಯಿಲ್ಲದವರೂ ಹೂಂ ಅಂದರು, ಯಾಕೆಂದರೆ ಮಾಸ್ತರರ ನಾಲಿಗೆ ಅವರನ್ನೂ ಒಂದಲ್ಲ ಒಂದು ದಿನ ಚುಚ್ಚಿತ್ತು. ಶಹಾಬಾದದ ಫ್ಯಾನಿನ ಹೆಂಗಸಂತೂ, "ನಂದು ಮೊದಲನೇ ನಂಬರ್ ಅದ, ನಾನೇ ಚಾಲೂ ಮಾಡ್ತೀನಿ, ನೀವೆಲ್ಲ ಹಿಂದ ಬರ್ರಿ" ಅಂತ ಕುಣಿದಳು.

ದಿನವನ್ನೂ ಮಾಸ್ತರರೇ ಕೊಟ್ಟರು. ಮುಂದಿನ ತರಗತಿಯನ್ನು ನೋಡಲು ಕೋರ್ಸಿನ ಮುಖ್ಯಸ್ಥರಾದ ದೊಡ್ಡ ಮೇಡಂ ಬರುತ್ತಾರೆ, ಎಲ್ಲರೂ ನಿಯಮದಂತೆ ಶಿಸ್ತಿನಿಂದ ಇರಬೇಕು ಅಂತ ಗ್ರೂಪಿನಲ್ಲಿ ಹಾಕಿದರು. ನಿಯಮದಂತೆ ಇರುತ್ತೇವೆ ಸರ್ ಅಂತ ಮೊದಲ ಉತ್ತರ ನಾನೇ ಬರೆದೆ.

ಆ ಸಂಜೆ ಮಾಸ್ತರರು ಹೊಸ ಅಂಗಿ ತೊಟ್ಟಿದ್ದರು. ದೊಡ್ಡ ಮೇಡಂ ಒಂದು ಚೌಕದಲ್ಲಿ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಪಾಠ ಚೆನ್ನಾಗಿಯೇ ನಡೆಯಿತು. ಹಾಜರಿಯ ಹೊತ್ತು ಬಂತು. ಮಾವ ಕೋಲು ಹಿಡಿದು ಏಳುತ್ತಿದ್ದರು. ನಾನು, "ಇವತ್ತ ಕುಂದರ್ರಿ ಮಾವಾರ, ಕೇಳೋವಂಥಾದ್ದು ಅದ" ಅಂದೆ. ಅವರು ನನ್ನ ಮುಖ ನೋಡಿ, ಏನೋ ಕಿತಾಪತಿ ಇದೆ ಅಂತ ತಿಳಿದು, ಕುಳಿತುಕೊಂಡರು.

ಒಂದನೇ ನಂಬರ್. ಶಹಾಬಾದದಾಕೆ ಮೈಕ್ ತೆರೆದು, ತನ್ನ ಹೆಸರು ಹೇಳಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು:

"ಶಹಾಬಾದಿ ಪರಸಿ ಉಜ್ಜಿದಷ್ಟು ಹೊಳೀತದ,
ಅಂಗಳದ ಧೂಳಿ ಮಳಿ ಬಂದ್ರ ತೊಳೀತದ,
ಅತ್ತಿಮನಿ ಮಾತಾಡಕೋತ ಕುಂತ್ರ ಹೊತ್ತು ಕಳೀತದ,
ನಮ್ಮವರ ಹೆಸರ ಕೇಳಿದ್ರ ನನ್ನ ಮುಖ ಅರಳೀತದ..."

ಹೀಗೆ ಇನ್ನೂ ನಾಲ್ಕು ಸಾಲು ಎಳೆದು ಕೊನೆಗೆ ಹೆಸರು ಹೇಳಿದಳು. ದೊಡ್ಡ ಮೇಡಂ ನಕ್ಕು ಚಪ್ಪಾಳೆ ತಟ್ಟಿದರು. ಮಾಸ್ತರರೂ ಹಲ್ಲು ಕಿರಿದರು. ಎರಡನೇ ನಂಬರ್ ವಾಡಿಯಾಕೆ. ಅವಳು ವಾಡಿ ಸ್ಟೇಷನ್ನಿನಿಂದ ಹೊರಡುವ ಒಂದೊಂದು ಗಾಡಿಯನ್ನೂ ಹತ್ತಿ ಇಳಿದು, ದಾರಿಯ ಊರುಗಳನ್ನೆಲ್ಲ ಪ್ರಾಸದಲ್ಲಿ ಕಟ್ಟಿ, ಬಹಳ ಹೊತ್ತಿನ ಮೇಲೆ ಗಂಡನ ಹತ್ತಿರ ಬಂದು ಮುಟ್ಟಿದಳು. ಮಾಸ್ತರರ ನಗು ಅರ್ಧಕ್ಕೆ ನಿಂತಿತ್ತು. ಮೂರನೆಯವಳು ಚಿಮ್ಮನಚೋಡದಾಕೆ, ಗೊರಕೆಯವಳು. ಗಡಿಯ ಕಡೆಯವಳಾದ್ದರಿಂದ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡಿಯೇ ಹೇಳಿದಳು.

"ಸಾಕು, ಸಾಕು. ಇದೇನು ಮದುವೆ ಮನೆಯೇ? ಬರೀ ಹೆಸರು ಹೇಳಿ" ಅಂತ ಮಾಸ್ತರರು ನಡುವೆ ಬಾಯಿ ಹಾಕಿದರು.

ನಾನು ಕಾಯುತ್ತಿದ್ದದ್ದು ಇದಕ್ಕೇ. "ಸರ್, ಒಬ್ಬರು ಹೇಳೋವಾಗ ನಡುವ ಬಾಯಿ ಹಾಕಬಾರದಂತ ನಿಯಮ ಅದ ರೀ" ಅಂದೆ. ಎಷ್ಟು ವಿನಯದಿಂದ ಅಂದೆನೆಂದರೆ ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ದೊಡ್ಡ ಮೇಡಂ, "ಹೌದಲ್ಲ, ಅವರು ಮುಗಿಸಲಿ ಬಿಡಿ" ಅಂದರು. ಚಿಮ್ಮನಚೋಡದಾಕೆ ಮೊದಲಿನಿಂದ ಶುರು ಮಾಡಿದಳು.

ನಾಲ್ಕು, ಐದು, ಆರು. ಮಾಸ್ತರರ ಹಣೆ ಬೆವರುತ್ತಿತ್ತು. ತರಗತಿಯ ಹೊತ್ತು ಮುಗಿದರೆ ಆ್ಯಪು ತಾನೇ ಬಂದ್ ಆಗುತ್ತದೆ. ಅವರು ಮತ್ತೆ ಮತ್ತೆ ಗಡಿಯಾರ ನೋಡುವುದು ನಮಗೆಲ್ಲ ಕಾಣುತ್ತಿತ್ತು. ಕ್ಯಾಮೆರಾ ಚಾಲೂ ಇರಬೇಕು, ಮುಖ ಕಾಣಬೇಕು ಅನ್ನುವ ನಿಯಮದ ಸುಖ ಏನು ಅಂತ ಅವತ್ತು ನನಗೆ ತಿಳಿಯಿತು. ಅವರ ಒಂದೊಂದು ಬೆವರ ಹನಿಯನ್ನೂ ನಾನು ಕುಳಿತು ನೋಡಿದೆ.

ಆಮೇಲೆ ಅಕ್ಕನ ನಂಬರ್ ಬಂತು. ಅವಳು ಸೆರಗು ಸರಿಮಾಡಿಕೊಂಡಳು. ತನ್ನ ಹೆಸರು ಹೇಳಿದಳು. ಹೊರಸಿನ ಕಡೆ ನೋಡಲಿಲ್ಲ, ಸೀದಾ ಫೋನಿನೊಳಗೆ ನೋಡಿದಳು.

"ಕಾಗಿಣಾ ನೀರು ಕಲ್ಲಿಗಿ ಬಡದು ಹರೀತದ,
ದಿನಾ ಬಂದ್ರೂ ನಮ್ಮ ಸರ್ ಕೈ ಗೈರಂತ ಬರೀತದ,
ಸಿಮೆಂಟಿನ ಗಾಡಿ ನಮ್ಮವರ ಹೊಟ್ಟಿ ಹೊರೀತದ,
ಅವರ ಹೆಸರ ಹಿಂಗ ಹೇಳಿದ್ರ ನಿಮ್ಮದೇನು ಮುರೀತದ?"

ಆಮೇಲೆ ಗಂಡನ ಹೆಸರು ಹೇಳಿದಳು. ಅಡ್ಡಹೆಸರು ಹೇಳಿದಳು. ಮೈಕ್ ಮುಚ್ಚಿದಳು. ಹೊರಸಿನ ಮೇಲಿದ್ದ ಮಾವ, "ಭಲೇ ನನ್ನವ್ವ" ಅಂದದ್ದು ನನ್ನ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ದೊಡ್ಡ ಮೇಡಂ ನಗಲಿಲ್ಲ. ಕನ್ನಡಕ ತೆಗೆದರು. "ದಿನಾ ಬಂದರೂ ಗೈರು ಅಂದರೆ ಏನರ್ಥ?" ಅಂತ ಮಾಸ್ತರರನ್ನು ಕೇಳಿದರು. ಪೂರ್ಣ ಹೆಸರು ಹೇಳದವರಿಗೆ ಗೈರು ಹಾಕುವುದು ನಿಯಮ ಅಂತ ಅವರು ತೊದಲಿದರು. "ಯಾವ ನಿಯಮ? ನಾವು ಕಳಿಸಿದ್ದರಲ್ಲಿ ಗುರುತು ಖಾತ್ರಿ ಮಾಡಿಕೊಳ್ಳಿ ಅಂತ ಇದೆ. ನಂಬರ್ ಹೇಳಿ ಮುಖ ಕಂಡರೆ ಆಯಿತು. ಪೂರ್ಣ ಹೆಸರು ಎಲ್ಲಿಂದ ಬಂತು?"

ಮಾಸ್ತರರು ಬಾಯಿ ತೆರೆದರು. ಮೇಲಿನವರ ನಿಯಮ, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ನನಗೆ ಫೋನಿನಲ್ಲಿ ಹೇಳಿದ ಮನುಷ್ಯ! ಪೂರ್ತಿ ಹೆಸರು ಅನ್ನುವ ಮಾತನ್ನು ಅವರೇ ಸೇರಿಸಿದ್ದರು. ಅದೇ ಹೊತ್ತಿಗೆ ಸಮಯ ಮುಗಿದು ಆ್ಯಪು ಬಂದ್ ಆಯಿತು. ಅವರ ಬಾಯಿ ತೆರೆದೇ ಇತ್ತು, ಹಾಗೆಯೇ ಪರದೆಯಿಂದ ಮಾಯವಾದರು. ಹಾಜರಿ ಮುಗಿದಿರಲಿಲ್ಲ, ಅವರ ನಿಯಮದಂತೆಯೇ ಆ ತರಗತಿ ನಡೆದಿರಲಿಲ್ಲ. ಮೇಲಿನವರು ಖುದ್ದಾಗಿ ನೋಡಲು ಬಂದ ದಿನವೇ.

ಆ ವಾರ ಮುಗಿಯುವುದರೊಳಗೆ ನಂಬರ್ ಹೇಳಿದರೆ ಸಾಕು ಅಂತ ಆದೇಶ ಬಂತು. ಮುಖ ಕಂಡ ದಿನಗಳನ್ನೆಲ್ಲ ರೆಕಾರ್ಡಿಂಗ್ ನೋಡಿ ಹಾಜರಿ ಅಂತ ಹಿಡಿದರು. ಅಕ್ಕನ ಹಾಲ್ ಟಿಕೆಟ್ ಬಂತು. ಅಟ್ಟದಿಂದ ಪುಸ್ತಕ ಇಳಿಯಿತು. ಅವಳು ಕಲಬುರಗಿಗೆ ಹೋಗಿ ಪರೀಕ್ಷೆ ಬರೆದಳು, ಬಹಳ ಒಳ್ಳೆಯ ಅಂಕ ಏನಲ್ಲ, ಪಾಸಾದಳು. ಜೂನ್‌ನಲ್ಲಿ ಅವಳು ನರ್ಸರಿಯ ಬಾಗಿಲಲ್ಲಿ ನಿಂತಾಗ ಅವಳ ಮಗಳು ಏನು ಕರೆಯಬೇಕೋ ತಿಳಿಯದೆ "ಟೀಚರವ್ವ" ಅಂದಳು. ಈಗ ಇಡೀ ನರ್ಸರಿ ಹಾಗೇ ಕರೆಯುತ್ತದೆ.

ಇಲ್ಲಿಗೆ ಮುಗಿಸಿದರೆ ಎಲ್ಲರಿಗೂ ಹಿತ. ಆದರೆ ನನ್ನ ಪಾಲಿನದು ಇನ್ನೂ ಸ್ವಲ್ಪ ಇದೆ.

ಮಾಸ್ತರರ ಕೆಲಸವೂ ವರ್ಷ ವರ್ಷ ಹೊಸದಾಗಿ ಮಂಜೂರಾಗುವ ಕೆಲಸ. ಆ ಸಂಜೆ ನಡೆದ ಗದ್ದಲದ ಕಾರಣ, ತಪ್ಪಾಗಿ ಗೈರು ಹಾಕಿಸಿಕೊಂಡವರೆಲ್ಲ ನಮ್ಮ ತಕರಾರು ಇಲ್ಲ ಅಂತ ಸಹಿ ಮಾಡಿಕೊಟ್ಟರೆ ಮಾತ್ರ ಅವರನ್ನು ಮುಂದುವರಿಸುತ್ತೇವೆ ಅಂತ ದೊಡ್ಡ ಮೇಡಂ ಹೇಳಿದ್ದರಂತೆ. ಅಕ್ಕ ಕೂಡಲೇ ಸಹಿ ಮಾಡಿದಳು. "ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರ" ಅಂದಳು. ಅವಳು ಅಂಥವಳು. ಉಳಿದವರೂ ಮಾಡಿದರು. ಉಳಿದವಳು ನಾನೊಬ್ಬಳು. ಭಾವನ ಹೆಸರು ಹೇಳಿದ್ದಕ್ಕೆ ಬಿದ್ದ ನನ್ನ ಆ ಗೈರು ಇತ್ತಲ್ಲ.

ಒಂದು ಭಾನುವಾರ ಅವರದೇ ಫೋನ್ ಬಂತು. ಪುಸ್ತಕದ ಕನ್ನಡ ಎಲ್ಲಿ ಹೋಗಿತ್ತೋ.

"ಮೇಡಮ್ಮೋರ, ನಿಮ್ಮದೊಂದೇ ಸಹಿ ಉಳದದ ರೀ. ಆದದ್ದಾತು, ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ನೀವು ಯಾರ್ರಿ ಮಾತಾಡ್ಲಿಕತ್ತೀರಿ?" ಅಂದೆ. ಅವರು ತಮ್ಮ ಹೆಸರು ಹೇಳಿದರು.

"ಪೂರ್ತಿ ಹೆಸರ ಹೇಳ್ರಿ."

ಅಡ್ಡಹೆಸರು ಸೇರಿಸಿ ಹೇಳಿದರು.

"ನಡುವಿಂದು ಎಲ್ಲಿ ಹೋತ್ರಿ ಸರ್? ನಮ್ಮ ಹೆಸರಿನ್ಯಾಗ ಗಂಡನ ಹೆಸರ ಇದ್ದಂಗ ನಿಮ್ಮ ಹೆಸರಿನ್ಯಾಗ ಹೆಂಡ್ತಿ ಹೆಸರ ಸೇರಿಸಿ ಹೇಳ್ರಿ. ಜೋರಾಗಿ ಹೇಳ್ರಿ, ನಾನು ಸಹಿ ಮಾಡ್ತೀನ್ರಿ."

ಅವರ ಮನೆಯಲ್ಲಿ ಪಾತ್ರೆ ಸಪ್ಪಳ ಕೇಳಿಸಿತು, ಯಾರೋ ವಯಸ್ಸಾದವರು ಏನೋ ಕೇಳಿದ್ದು ಕೇಳಿಸಿತು. ಮಾಸ್ತರರು ದನಿ ತಗ್ಗಿಸಿ ಅಂದರು, "ಹ್ಯಾಂಗ ಹೇಳ್ಲಿ ರೀ ಮೇಡಂ... ಇಲ್ಲಿ ನಮ್ಮ ತಂದಿಯವ್ರು ಕುಂತಾರ."

"ನಮ್ಮಲ್ಲೂ ಮಾವ ಕುಂತಿದ್ರು ರೀ" ಅಂದು ನಾನು ಫೋನ್ ಇಟ್ಟೆ. ಸಹಿ ಮಾಡಲಿಲ್ಲ.